ಬಿಡುವಿನ ವೇಳೆಯಲ್ಲಿ ಕಟ್ಟಿದ ಕನ್ನಡ: ಕಂಪ್ಯೂಟರ್ ಹವ್ಯಾಸಿಗಳ ಚರಿತ್ರೆ

ಕರ್ನಾಟಕದ ಕಂಪ್ಯೂಟರ್ ಹವ್ಯಾಸಿಗಳ ಚರಿತ್ರೆ 1980ರ ದಶಕದಿಂದ ಆರಂಭವಾಗುತ್ತದೆ. ಸಂಬಳಕ್ಕಾಗಿಯಲ್ಲ, ಬರೀ ಕುತೂಹಲಕ್ಕಾಗಿ ನಿದ್ದೆಗೆಟ್ಟು ಯಂತ್ರ ಬಿಚ್ಚಿ ಜೋಡಿಸಿದವರು, ಪ್ರೋಗ್ರಾಂ ಬರೆದವರು, ಬರೆದದ್ದನ್ನು ಕೇಳಿದವರಿಗೆಲ್ಲ ಕೊಟ್ಟವರು ಇವರು. ಇಂದು ಕನ್ನಡದ ಅಕ್ಷರ ಮೊಬೈಲ್ ತೆರೆಯ ಮೇಲೆ ಸಲೀಸಾಗಿ ಮೂಡುತ್ತಿದ್ದರೆ ಅದರಲ್ಲಿ ಇವರ ಪಾಲು ದೊಡ್ಡದು. ಇವರು ಕಟ್ಟಿದ್ದರ ನಿಜವಾದ ಪರೀಕ್ಷೆ ನಡೆಯುತ್ತಿದ್ದುದು ಹಬ್ಬಗಳಲ್ಲಿ. ಕಚೇರಿಯ ಕೆಲಸವನ್ನು ಇಂಗ್ಲಿಷಿನಲ್ಲಿ ಮುಗಿಸಿಬಿಡುವವರೂ ಯುಗಾದಿಗೋ ದೀಪಾವಳಿಗೋ ದೂರದ ಗೆಳೆಯನಿಗೆ ನಾಲ್ಕು ಸಾಲು ಕಳಿಸುವಾಗ ಕನ್ನಡವನ್ನೇ ಬಯಸುತ್ತಿದ್ದರು. ಆ ನಾಲ್ಕು ಸಾಲು ಹೋಗಿ ತಲುಪುವಂತೆ ಮಾಡಲು ಎರಡು ದಶಕಗಳೇ ಬೇಕಾದವು.

ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ಬಳ್ಳಾರಿಯಲ್ಲಿ ಹವ್ಯಾಸಿ ಎಂಬ ಮಾತಿಗೆ ಹಳೆಯ ಗೌರವವಿದೆ. ಬಳ್ಳಾರಿ ರಾಘವ (1880–1946) ವೃತ್ತಿಯಿಂದ ವಕೀಲರು. ಕನ್ನಡ, ತೆಲುಗು ಎರಡೂ ರಂಗಭೂಮಿಗಳಲ್ಲಿ ಅವರು ಹೆಸರಾದದ್ದು ಹವ್ಯಾಸಿ ನಟರಾಗಿ. ವೃತ್ತಿ ಒಂದು, ಮನಸ್ಸಿಟ್ಟು ಮಾಡುವ ಕೆಲಸ ಇನ್ನೊಂದು ಎಂಬ ಬದುಕಿನ ಈ ಬಗೆ ಕಂಪ್ಯೂಟರ್ ಹವ್ಯಾಸಿಗಳಿಗೂ ಹೊಂದುತ್ತದೆ.

ಇವರಿಗೆ ದಾರಿ ತೋರಿದವರು ಹ್ಯಾಮ್ ರೇಡಿಯೊ ಹವ್ಯಾಸಿಗಳು. ಮನೆಯಲ್ಲೇ ಟ್ರಾನ್ಸ್‌ಮಿಟರ್ ಕಟ್ಟಿ, ಪರೀಕ್ಷೆ ಬರೆದು, ಸರ್ಕಾರದ ಪರವಾನಗಿ ಪಡೆದು ಅಪರಿಚಿತರೊಡನೆ ಮಾತಾಡುವುದು ಅವರ ಕ್ರಮ. ಮಾತು ಮುಗಿಸುವಾಗ 73 ಎಂದರೆ ಶುಭ ಹಾರೈಕೆ ಎಂದರ್ಥ. ಮಾತಿನ ನೆನಪಿಗೆ ಅಂಚೆಯಲ್ಲಿ ಕಾರ್ಡು ಕಳಿಸುವ ಪದ್ಧತಿಯೂ ಅವರದು. ಬೆಂಗಳೂರು ಈ ಹವ್ಯಾಸದ ದೊಡ್ಡ ನೆಲೆ. ಹವ್ಯಾಸಿಗಳ ಬಳಕೆಗೆಂದೇ ಇಸ್ರೊ ಕಟ್ಟಿದ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್ ಉಪಗ್ರಹ 2005ರ ಮೇ 5ರಂದು ಕಕ್ಷೆ ಸೇರಿತು. ಶುಭಾಶಯ ಹೇಳುತ್ತಲೇ ಆಂಟೆನಾದ ಉದ್ದ, ವಾಲ್ವಿನ ಬಿಸಿ ಇವುಗಳ ಬಗ್ಗೆಯೂ ಮಾತಾಡುವ ಅವರ ಅಭ್ಯಾಸ ಕಂಪ್ಯೂಟರ್ ಬಳಗಗಳಲ್ಲೂ ಮುಂದುವರಿಯಿತು.

1980ರ ದಶಕದಲ್ಲಿ ಮನೆಗೊಂದು ಕಂಪ್ಯೂಟರ್ ತರುವುದು ಮಧ್ಯಮ ವರ್ಗದ ಕೈಗೆಟುಕುವ ಮಾತಾಗಿರಲಿಲ್ಲ. ಆಮದು ಸುಂಕ ವಿಪರೀತ. ಸ್ಪೆಕ್ಟ್ರಮ್‌ನಂಥ ಪುಟ್ಟ ಯಂತ್ರಗಳನ್ನು ಮನೆಯ ಟಿ.ವಿ.ಗೆ ಜೋಡಿಸಿ, ಬರೆದ ಪ್ರೋಗ್ರಾಮನ್ನು ಹಾಡಿನ ಕ್ಯಾಸೆಟ್ಟಿನಲ್ಲಿ ಉಳಿಸಿಡಬೇಕಿತ್ತು. ಕೇಂದ್ರ ಸರ್ಕಾರ 1984ರಲ್ಲಿ ಶುರುಮಾಡಿದ ಕ್ಲಾಸ್ ಯೋಜನೆ ಆಯ್ದ ಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೊ ಯಂತ್ರಗಳನ್ನು ಕೊಟ್ಟಿತು. 1987ರಲ್ಲಿ ಪಿ.ಸಿ. ಕ್ವೆಸ್ಟ್ ಪತ್ರಿಕೆ ಬಂತು. ಬಿಡಿಭಾಗ ಬೇಕಾದವರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದರು.

ಚದುರಿಹೋಗಿದ್ದ ಇವರನ್ನು ಒಂದೆಡೆ ತಂದದ್ದು ಮೋಡೆಮ್ ಮತ್ತು ಬುಲೆಟಿನ್ ಬೋರ್ಡ್. ಯಾರೋ ಒಬ್ಬರು ತಮ್ಮ ಮನೆಯ ಕಂಪ್ಯೂಟರನ್ನು ಫೋನ್ ತಂತಿಗೆ ಸಿಕ್ಕಿಸಿಡುವರು, ಉಳಿದವರು ಆ ಸಂಖ್ಯೆಗೆ ಕರೆಮಾಡಿ ಸಂದೇಶ ಓದುವರು, ತಮ್ಮದೊಂದನ್ನು ಬಿಡುವರು. ತಂತಿ ಒಂದೇ ಇದ್ದರೆ ಒಂದು ಸಲಕ್ಕೆ ಒಬ್ಬರಿಗಷ್ಟೇ ಪ್ರವೇಶ. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದಿದ ಅತುಲ್ ಚಿಟ್ನಿಸ್ (1962–2013) ಬೆಂಗಳೂರಿನಲ್ಲಿ ನಡೆಸಿದ ಸಿ.ಐ.ಎಕ್ಸ್. ಬೋರ್ಡು ದೇಶದ ಆರಂಭದ ಬೋರ್ಡುಗಳಲ್ಲೊಂದು.

ಬಳ್ಳಾರಿಯ ಕಂಟೋನ್ಮೆಂಟಿನಿಂದ ಅಂಥ ಬೋರ್ಡಿಗೆ ಕರೆಮಾಡುವುದೆಂದರೆ ಎಸ್.ಟಿ.ಡಿ. ಕರೆ. ದರ ಕಾಲುಭಾಗಕ್ಕೆ ಇಳಿಯುತ್ತಿದ್ದುದು ತಡರಾತ್ರಿ ಮಾತ್ರ. ಆ ಕಾಲದ 2400 ಬಿಟ್ ವೇಗದ ಮೋಡೆಮ್ ಸೆಕೆಂಡಿಗೆ ಸುಮಾರು 240 ಅಕ್ಷರ ಸಾಗಿಸುತ್ತಿತ್ತು. ಲೆಕ್ಕ ಹಾಕಿದರೆ, 360 ಕಿಲೋಬೈಟ್‌ನ ಒಂದು ಫ್ಲಾಪಿಯಲ್ಲಿ ಹಿಡಿಸುವಷ್ಟನ್ನು ತರಿಸಿಕೊಳ್ಳಲು ಎಲ್ಲವೂ ಸುಸೂತ್ರವಾಗಿದ್ದರೆ 25 ನಿಮಿಷ, ನಡುವೆ ತಂತಿ ಕೈಕೊಟ್ಟರೆ ಮತ್ತೆ ಮೊದಲಿನಿಂದ. ಅದೇ ಫ್ಲಾಪಿಯನ್ನು ರಾತ್ರಿ ರೈಲು ಹತ್ತುವವರ ಕೈಗೆ ಕೊಟ್ಟರೆ ಖರ್ಚೇ ಇಲ್ಲ. ಜಿಲ್ಲಾ ಕೇಂದ್ರಗಳ ಮಟ್ಟಿಗೆ ಕೈಯಿಂದ ಕೈಗೆ ದಾಟುವ ಫ್ಲಾಪಿಯೇ ಬಹಳ ಕಾಲ ಜಾಲವಾಗಿತ್ತು. 1996ರಲ್ಲಿ ಪಿ.ಸಿ. ಕ್ವೆಸ್ಟ್ ತನ್ನ ಸಂಚಿಕೆಯೊಡನೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ತುಂಬಿದ ಸಿ.ಡಿ. ಹಂಚಿತು. ಅದರ ಹಿಂದೆಯೂ ಚಿಟ್ನಿಸ್ ಇದ್ದರು. ಫೋನಿನ ಬಿಲ್ಲಿಗೆ ಹೆದರಬೇಕಾದ ಊರುಗಳಿಗೆ ಇದರಿಂದಾದ ಉಪಕಾರ ದೊಡ್ಡದು.

1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲಾರಂಭಿಸಿತು. ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಅಗ್ಗದ ಖಾತೆಯಲ್ಲಿ ಚಿತ್ರವಿಲ್ಲ, ಇಂಗ್ಲಿಷ್ ಅಕ್ಷರ ಮಾತ್ರ. ಹಬ್ಬದ ಹಾರೈಕೆಯನ್ನು ಆ ಅಕ್ಷರಗಳಲ್ಲೇ ಬರೆದು, ಳಕಾರಕ್ಕೆ ದೊಡ್ಡ ಎಲ್, ಣಕಾರಕ್ಕೆ ದೊಡ್ಡ ಎನ್ ಎಂದು ಓದುವವರು ಹೊಂದಿಸಿಕೊಳ್ಳಬೇಕಿತ್ತು. ಮರುವರ್ಷದ ಡಿಸೆಂಬರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿ ಯು.ಬಿ. ಪವನಜ ‘ವಿಶ್ವ ಕನ್ನಡ’ ಎಂಬ ಅಂತರಜಾಲ ಪತ್ರಿಕೆ ತೆರೆದರು. ಕನ್ನಡದ ಮಟ್ಟಿಗೆ ಅದು ಮೊದಲನೆಯದು. ಮಕ್ಕಳು ಕನ್ನಡದಲ್ಲೇ ಆಜ್ಞೆ ಬರೆದು ಪ್ರೋಗ್ರಾಂ ಕಲಿಯುವ ಕನ್ನಡ ಲೋಗೊ ತಂತ್ರಾಂಶವನ್ನು ರೂಪಿಸಿದವರೂ ಅವರೇ.

ಕನ್ನಡ ಲಿಪಿ ಯಂತ್ರಕ್ಕೆ ಒಡ್ಡಿದ ಸವಾಲನ್ನು ತಿಳಿಯಲು ಬಳ್ಳಾರಿಯ ಕಂಟೋನ್ಮೆಂಟ್ ಎಂಬ ಹೆಸರೇ ಸಾಕು. ಹಿಂದೆ ಮದರಾಸು ಸೇನೆಯ ದಂಡು ಬೀಡುಬಿಟ್ಟಿದ್ದ ಈ ಭಾಗದ ಹೆಸರು ರೈಲು ನಿಲ್ದಾಣದ ಹೆಸರೂ ಹೌದು. ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ, ಯಂತ್ರಕ್ಕೆ ಅವು ಹನ್ನೊಂದು ಚಿಹ್ನೆ. ಮೂರನೆಯ ಅಕ್ಷರದಲ್ಲಿ ನಕಾರಕ್ಕೆ ಮಕಾರದ ಒತ್ತು, ಜೊತೆಗೆ ಎತ್ವ. ಉಚ್ಚಾರದಲ್ಲಿ ಎಕಾರ ಬರುವುದು ಮಕಾರದ ನಂತರ, ಬರಹದಲ್ಲಿ ಎತ್ವ ಕೂರುವುದು ನಕಾರದ ತಲೆಯ ಮೇಲೆ. ಕೇಳುವ ಕ್ರಮವನ್ನು ಕೊಟ್ಟರೆ ಕಾಣುವ ಕ್ರಮವನ್ನು ಯಂತ್ರವೇ ಹೊಂದಿಸಿಕೊಳ್ಳಬೇಕು. ಬೆರಳಚ್ಚು ಯಂತ್ರದಲ್ಲಿ ಈ ಹೊಂದಾಣಿಕೆ ಟೈಪಿಸ್ಟರ ಕೈಯಲ್ಲಿತ್ತು, ಅದಕ್ಕಾಗಿ ತಿಂಗಳುಗಟ್ಟಲೆ ಅಭ್ಯಾಸ ಬೇಕಿತ್ತು.

ಈ ಕಗ್ಗಂಟನ್ನು ಬಿಡಿಸಿದವರಲ್ಲಿ ಮೊದಲಿಗರು ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್. 1940ರಲ್ಲಿ ಮಂಗಳೂರಿನ ಬಳಿ ಹುಟ್ಟಿದ ಅವರು ಮುಂಬಯಿಯಲ್ಲಿ ಅಕ್ಷರಜೋಡಣೆಯ ಯಂತ್ರಗಳ ನಡುವೆ ದುಡಿದವರು. ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಇಡೀ ಕನ್ನಡವನ್ನು ಕೂರಿಸಬಹುದೆಂದು ಅವರು ತೋರಿಸಿದರು. ಕಕಾರಕ್ಕೆ ಕೆ, ಅದರ ಮಹಾಪ್ರಾಣಕ್ಕೆ ಶಿಫ್ಟ್ ಒತ್ತಿ ಅದೇ ಕೀಲಿ. ಒತ್ತಕ್ಷರ ಬೇಕಾದಾಗ ಎರಡು ವ್ಯಂಜನಗಳ ನಡುವೆ ಎಫ್. ಬಳ್ಳಾರಿ ಎಂದು ಬರೆಯಲು ಬಿ, ದೊಡ್ಡ ಎಲ್, ಎಫ್, ದೊಡ್ಡ ಎಲ್, ದೊಡ್ಡ ಎ, ಆರ್, ಐ ಎಂಬ ಏಳು ಒತ್ತು ಸಾಕು. ಅಕ್ಷರ ಬಲ್ಲ ಯಾರೇ ಆದರೂ ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು, ಇದರ ಹೆಚ್ಚುಗಾರಿಕೆ ಇರುವುದೇ ಅಲ್ಲಿ. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟ ತಂತ್ರಾಂಶದಲ್ಲಿ ಈ ವಿನ್ಯಾಸವನ್ನು ರಾವ್ ಉಚಿತವಾಗಿ ಹಂಚಿದರು. ಮುಂದೆ ರಾಜ್ಯ ಸರ್ಕಾರವೂ ಇದನ್ನೇ ಶಿಷ್ಟ ವಿನ್ಯಾಸವೆಂದು ಒಪ್ಪಿತು. ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು.

1998ರಲ್ಲಿ ಅಮೆರಿಕದಲ್ಲಿದ್ದ ಎಂಜಿನಿಯರ್ ಶೇಷಾದ್ರಿವಾಸು ಚಂದ್ರಶೇಖರನ್ ತಮ್ಮ ಬಿಡುವಿನ ವೇಳೆಯಲ್ಲಿ ರೂಪಿಸಿದ ‘ಬರಹ’ವನ್ನು ಉಚಿತವಾಗಿ ಬಿಡುಗಡೆ ಮಾಡಿದರು. ಅದರಲ್ಲಿ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತ ಹೋದರೆ ಕನ್ನಡ ಮೂಡುತ್ತದೆ. ಪರದೇಶಗಳಲ್ಲಿ ಕನ್ನಡ ಸಂಘಗಳ ಯುಗಾದಿ ಆಹ್ವಾನಪತ್ರ, ರಾಜ್ಯೋತ್ಸವದ ಸಂಚಿಕೆಗಳಿಗೆ ಇದು ಒದಗಿಬಂತು. ಕೆಲವೇ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ಸಿದ್ಧಪಡಿಸಿದ ‘ನುಡಿ’ಯೂ ಬಂದು, ತಾಲ್ಲೂಕು ಕಚೇರಿಯಿಂದ ಡಿ.ಟಿ.ಪಿ. ಅಂಗಡಿಯವರೆಗೆ ಹಬ್ಬಿತು.

ಆದರೂ ಶುಭಾಶಯ ತಲುಪುವುದು ಕಷ್ಟವಾಗಿಯೇ ಉಳಿಯಿತು. ಈ ತಂತ್ರಾಂಶಗಳ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಕೊಂಬು, ದೀರ್ಘ, ಒತ್ತು ಎಲ್ಲಕ್ಕೂ ಬೇರೆ ಬೇರೆ ತುಣುಕು. ಅದೇ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಯುರೋಪಿಯನ್ ಅಕ್ಷರಗಳ ರಾಶಿ. ಹೀಗಾಗಿ ಬಲ್ಲವರು ಹಾರೈಕೆಯನ್ನು ಚಿತ್ರವಾಗಿಸಿ ಕಳಿಸುತ್ತಿದ್ದರು. ಚಿತ್ರವನ್ನು ನೋಡಬಹುದು, ಹುಡುಕಲಾಗದು, ತಿದ್ದಲಾಗದು. ಶುಭಾಶಯಕ್ಕೆ ಅಷ್ಟು ಸಾಕಿತ್ತು. ಪುಸ್ತಕಗಳ ವಿಷಯದಲ್ಲಿ ಇದು ನಷ್ಟದ ಬಾಬತ್ತು. ಆ ವರ್ಷಗಳಲ್ಲಿ ಹೀಗೆ ಅಚ್ಚಾದ ಸಾವಿರಾರು ಪುಟಗಳನ್ನು ಇಂದಿನ ಯಂತ್ರ ಓದಬೇಕಾದರೆ ಒಂದೊಂದು ತುಣುಕನ್ನೂ ಮರಳಿ ಉಚ್ಚಾರದ ಕ್ರಮಕ್ಕೆ ಜೋಡಿಸಬೇಕು. ಆ ಪರಿವರ್ತಕಗಳನ್ನು ಬರೆದವರಲ್ಲೂ ಹವ್ಯಾಸಿಗಳಿದ್ದಾರೆ.

ಇದಕ್ಕೆ ಪರಿಹಾರ ಕಾಗದದ ಮೇಲೆ ಎಂದೋ ಸಿದ್ಧವಾಗಿತ್ತು. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಒಪ್ಪಿದ ಇಸ್ಕಿ ಸಂಕೇತ, ಅದೇ ವರ್ಷ ಬಂದ ಯೂನಿಕೋಡಿನ ಮೊದಲ ಆವೃತ್ತಿ ಎರಡರಲ್ಲೂ ಕನ್ನಡಕ್ಕೆ ಸ್ಥಾನವಿತ್ತು. ಬ್ರಾಹ್ಮಿಯಿಂದ ಬಂದ ಲಿಪಿಗಳ ವರ್ಣಮಾಲೆ ಒಂದೇ ಕ್ರಮದ್ದಾದ್ದರಿಂದ ಇಸ್ಕಿ ಎಲ್ಲಕ್ಕೂ ಒಂದೇ ಸಂಕೇತ ಕೊಟ್ಟಿತ್ತು. ಯೂನಿಕೋಡ್ ಅವುಗಳನ್ನು ಬೇರ್ಪಡಿಸಿದರೂ ಕ್ರಮವನ್ನು ಕೆಡಿಸಲಿಲ್ಲ. ಅದರಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ: ತೆಲುಗಿನ ವಿಭಾಗ 3072ರಿಂದ, ಕನ್ನಡದ್ದು 3200ರಿಂದ. ತೆಲುಗಿನ ಕಕಾರ 3093, ಕನ್ನಡದ ಕಕಾರ 3221. 128 ಕೂಡಿಸಿದರೆ ತೆಲುಗು ಬರಹ ಬಹುಮಟ್ಟಿಗೆ ಕನ್ನಡ ಲಿಪಿಗೆ ಇಳಿಯುತ್ತದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು. ಗಡಿಯ ಎರಡೂ ಬದಿಯಲ್ಲಿ ನಂಟರಿರುವ, ಎರಡೂ ಭಾಷೆ ಆಡುವ ಮನೆಗಳಿಗೆ ಈ 128ರ ಅಂತರ ಬಹಳ ಉಪಯೋಗದ್ದು. ಒಂದು ಲಿಪಿಯಲ್ಲಿ ಬರೆದ ಯುಗಾದಿಯ ಒಕ್ಕಣೆಯನ್ನು ಇನ್ನೊಂದು ಲಿಪಿಯಲ್ಲಿ ಓದಿಸುವ ಪ್ರೋಗ್ರಾಂ ಕಲಿಯುವ ಹುಡುಗರೂ ಬರೆಯಬಲ್ಲಷ್ಟು ಸರಳ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಯೂನಿಕೋಡ್ ಫಾಂಟನ್ನು ಜೊತೆಗೆ ತಂದಿತು. ಮೊಬೈಲುಗಳಲ್ಲಿ ತೊಡಕು ಇನ್ನೂ ಕೆಲವು ವರ್ಷ ಮುಂದುವರಿಯಿತು. ಇಂಗ್ಲಿಷ್ ಎಸ್.ಎಂ.ಎಸ್.ನಲ್ಲಿ 160 ಅಕ್ಷರ ಹಿಡಿದರೆ ಯೂನಿಕೋಡ್ ಸಂದೇಶದಲ್ಲಿ ಹಿಡಿಯುವುದು 70 ಚಿಹ್ನೆ ಮಾತ್ರ. ಕಂಟೋನ್ಮೆಂಟ್ ಎಂಬ ಒಂದೇ ಪದ ಅದರಲ್ಲಿ ಹನ್ನೊಂದನ್ನು ನುಂಗುತ್ತದೆ. ತಲುಪಿದ ಮೇಲೂ ಎಷ್ಟೋ ಹ್ಯಾಂಡ್‌ಸೆಟ್ಟುಗಳಲ್ಲಿ ಕಾಣುತ್ತಿದ್ದುದು ಖಾಲಿ ಚೌಕಗಳು. ಸಾಲದ್ದಕ್ಕೆ ಹಬ್ಬದ ದಿನಗಳನ್ನೇ ಮೊಬೈಲ್ ಕಂಪನಿಗಳು ರಿಯಾಯಿತಿಯಿಂದ ಹೊರಗಿಟ್ಟು ಪ್ರತಿ ಸಂದೇಶಕ್ಕೂ ಪೂರ್ಣ ದರ ವಿಧಿಸುತ್ತಿದ್ದವು.

2001ರಿಂದ ಬೆಂಗಳೂರಿನಲ್ಲಿ ‘ಲಿನಕ್ಸ್ ಬೆಂಗಳೂರು’ ಹೆಸರಿನಲ್ಲೂ 2005ರಿಂದ ‘ಫಾಸ್ ಡಾಟ್ ಇನ್’ ಹೆಸರಿನಲ್ಲೂ ನಡೆದ ಸಮಾವೇಶಗಳು ಹವ್ಯಾಸಿಗಳು ಮುಖಾಮುಖಿ ಸೇರುವ ಜಾಗಗಳಾದವು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಲಿನಕ್ಸಿನ ಆಯ್ಕೆಪಟ್ಟಿಗಳು ಕನ್ನಡಕ್ಕೆ ಬಂದವು, ಮುಕ್ತ ಫಾಂಟುಗಳು ಬಂದವು. ಕೆ.ಪಿ. ರಾವ್ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸಿಗೆ ಸೇರಿತು. ಈಗ ಅಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗುಗಳಿಗೂ ಕಗಪ ಇದೆ. ಕನ್ನಡಕ್ಕಾಗಿ ಹುಟ್ಟಿದ ಕೀಲಿಮಣೆಯನ್ನು ಉಳಿದ ಭಾಷೆಗಳು ಎರವಲು ಪಡೆದದ್ದು ಹೆಮ್ಮೆಯಿಂದ ಹೇಳಬಹುದಾದ ಸಂಗತಿ, ಕನ್ನಡಿಗರಲ್ಲೇ ಇದು ಹೆಚ್ಚು ಜನಕ್ಕೆ ತಿಳಿದಿಲ್ಲ. ಇದೇ ಬಳಗಗಳಿಂದ ಮೂಡಿದ ‘ವಚನ ಸಂಚಯ’ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದಪದವಾಗಿ ಹುಡುಕುವಂತೆ ಮಾಡಿತು. ಆ ಕೆಲಸಕ್ಕೆ ಒತ್ತಾಸೆಯಾದವರಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಹುಟ್ಟಿ, ಸಾಫ್ಟ್‌ವೇರ್ ವೃತ್ತಿಯಲ್ಲಿದ್ದುಕೊಂಡೇ ಕಥೆ ಬರೆದ ವಸುಧೇಂದ್ರ ಒಬ್ಬರು.

ಇತ್ತೀಚಿನ ವರ್ಷಗಳಲ್ಲಿ ಹವ್ಯಾಸಿಗಳ ಗಮನ ಹಳೆಯ ಅಕ್ಷರಗಳತ್ತ ಹೊರಳಿದೆ. ಬಳ್ಳಾರಿ ಸೀಮೆಯಲ್ಲಿ ಇದಕ್ಕೆ ಸಾಮಗ್ರಿ ಹೇರಳ. ಸಿಂದರು ಆಳಿದ ಕುರುಗೋಡಿನಲ್ಲಿ ಹಳಗನ್ನಡದ ಶಾಸನಗಳಿವೆ. ತುಂಗಭದ್ರೆಯ ದಂಡೆಯ ನಿಟ್ಟೂರು, ಉಡೇಗೋಳಗಳಲ್ಲಿ ಅಶೋಕನ ಹೆಸರನ್ನೇ ಹೊತ್ತ ಬ್ರಾಹ್ಮಿ ಶಾಸನಗಳಿವೆ. ಬ್ರಾಹ್ಮಿ ಲಿಪಿ ಯೂನಿಕೋಡ್ ಸೇರಿದ್ದು 2010ರಲ್ಲಿ. ಹಳಗನ್ನಡದ ಱ ಮತ್ತು ೞ ಎರಡಕ್ಕೂ ಮೊದಲೇ ಜಾಗವಿತ್ತು. ಆದರೆ 3294ರಲ್ಲಿರುವ ೞ ಅಕ್ಷರಕ್ಕೆ ಸಂಕೇತ ರೂಪಿಸಿದವರು ತಪ್ಪಾಗಿ ಫಕಾರದ ಹೆಸರು ಕೊಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮವಾದ್ದರಿಂದ ಆ ಹೆಸರು ಇಂದಿಗೂ ಹಾಗೆಯೇ ಇದೆ, ಸರಿಯಾದ ಹೆಸರನ್ನು ಅಧಿಕೃತ ಅಡ್ಡಹೆಸರಾಗಿ ಸೇರಿಸಲಾಗಿದೆ. ಅದರ ಪಕ್ಕದ 3293ರಲ್ಲಿ, 2021ರ 14ನೆಯ ಆವೃತ್ತಿಯಲ್ಲಿ, ಹಳೆಯ ಬರಹಗಳಲ್ಲಿ ಪದದ ಕೊನೆಯ ಅರ್ಧ ನಕಾರಕ್ಕೆ ಬಳಸುತ್ತಿದ್ದ ನಕಾರ ಪೊಲ್ಲು ಸೇರಿತು. ಅದೇ ಆವೃತ್ತಿಯಲ್ಲಿ ತೆಲುಗಿಗೂ ಅದೇ ಅಕ್ಷರ ದೊರೆಯಿತು, 3165ರಲ್ಲಿ, ಸರಿಯಾಗಿ 128ರ ಅಂತರದಲ್ಲಿ.