ಹೆಗಲೆಣೆಯವನು ನಾಯಕನಾದಾಗ



ನಮ್ಮ ವೇಮಗಲ್ಲಿನ ಕಡೆ ಉಳುವ ಎತ್ತನ್ನು ಒಂಟಿಯಾಗಿ ಹೊಗಳುವುದು ಕಡಿಮೆ. ಜೋಡಿ ಹೇಗಿದೆ ಎಂದೇ ಕೇಳುತ್ತೇವೆ. ಒಂದು ಎಷ್ಟೇ ಬಲಶಾಲಿಯಾಗಿರಲಿ, ಹೆಗಲೆಣೆಯ ಹೆಜ್ಜೆಗೆ ಹೊಂದದಿದ್ದರೆ ಸಾಲು ನೆಟ್ಟಗಾಗದು. ಟೆನಿಸ್ಸಿನ ಡಬಲ್ಸ್ ಆಟದ ಗುಟ್ಟೂ ಇದೇ.

ಮಹೇಶ್ ಭೂಪತಿ ಹುಟ್ಟಿದ್ದು 1974ರಲ್ಲಿ, ಮದರಾಸಿನಲ್ಲಿ. ಬಹುಕಾಲ ನೆಲೆಸಿದ್ದು ಬೆಂಗಳೂರಿನಲ್ಲಿ. 1997ರಲ್ಲಿ ಜಪಾನಿನ ರಿಕಾ ಹಿರಾಕಿಯವರೊಡನೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದು, ಹಿರಿಯರ ವಿಭಾಗದಲ್ಲಿ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿದರು. 1999ರಲ್ಲಿ ಅವರೂ ಲಿಯಾಂಡರ್ ಪೇಸರೂ ನಾಲ್ಕೂ ಗ್ರ್ಯಾಂಡ್ ಸ್ಲಾಮ್‌ಗಳ ಅಂತಿಮ ಪಂದ್ಯ ತಲುಪಿದರು. ಫ್ರೆಂಚ್ ಓಪನ್, ವಿಂಬಲ್ಡನ್‌ಗಳನ್ನು ಗೆದ್ದರು. ಡೇವಿಸ್ ಕಪ್ಪಿನಲ್ಲಿ ಈ ಜೋಡಿ ಸತತ 24 ಡಬಲ್ಸ್ ಪಂದ್ಯಗಳನ್ನು ಗೆದ್ದಿತು.

ನೊಗ ಒಂದೇ ಆದರೂ ಮನಸ್ಸು ಎರಡಾಯಿತು. 2012ರ ಲಂಡನ್ ಒಲಿಂಪಿಕ್ಸಿಗೆ ಪೇಸರೊಡನೆ ಆಡಲು ಭೂಪತಿ ಒಪ್ಪಲಿಲ್ಲ. ಕೊಡಗಿನ ರೋಹನ್ ಬೋಪಣ್ಣನವರೂ ಒಪ್ಪಲಿಲ್ಲ.

ಕಾಲದ ವಿಚಿತ್ರವನ್ನು ನೋಡಿ. 2017ರಲ್ಲಿ ಭೂಪತಿ ಭಾರತ ತಂಡದ ಆಡದ ನಾಯಕರಾದರು. ಈ ನಾಯಕನ ಪಾಡು ಕಠಿನವಾದುದು. ಅಂಗಣದ ಬದಿಯ ಕುರ್ಚಿಯಲ್ಲಿ ಕುಳಿತು ಬುದ್ಧಿ ಹೇಳಬಹುದು, ಆಡುವಂತಿಲ್ಲ. ಯಾರನ್ನು ಕಣಕ್ಕಿಳಿಸಬೇಕು, ಯಾರನ್ನು ಬಿಡಬೇಕು ಎಂಬುದೇ ಅವನ ನಿಜವಾದ ಆಟ.

ಆ ಏಪ್ರಿಲ್‌ನಲ್ಲಿ ಕಬ್ಬನ್ ಪಾರ್ಕಿನ ಟೆನಿಸ್ ಅಂಗಣಕ್ಕೆ ಉಜ್ಬೇಕಿಸ್ತಾನ ಬಂದಿತ್ತು. ಪೇಸರ ಹೆಸರಿನಲ್ಲಿ ಆಗಲೇ 42 ಡೇವಿಸ್ ಕಪ್ ಡಬಲ್ಸ್ ಗೆಲುವುಗಳಿದ್ದವು. ಇಟಲಿಯ ಪಿಯೆತ್ರಾಂಜೆಲಿಯನ್ನು ಮೀರಲು ಇನ್ನೊಂದು ಸಾಕು. ಭೂಪತಿ ಪೇಸರನ್ನು ಬಿಟ್ಟರು. ಬೋಪಣ್ಣ ಮತ್ತು ಶ್ರೀರಾಮ್ ಬಾಲಾಜಿ ಆಡಿ ಗೆದ್ದರು. ಭಾರತ 4–1ರಿಂದ ಜಯಶಾಲಿಯಾಯಿತು. ಇದು ನಾಯಕನ ವಿವೇಕವೋ ಹಳೆಯ ಮುನಿಸೋ ಎಂದು ಪತ್ರಿಕೆಗಳು ಚರ್ಚಿಸಿದವು. ಮುನಿಸೇ ಇರಬೇಕೆಂದು ನಾನೂ ಅಂದು ಎಣಿಸಿದ್ದೆ.

ಮರುವರ್ಷದ ಏಪ್ರಿಲ್‌ನಲ್ಲಿ ನನ್ನ ಎಣಿಕೆ ಅಲುಗಾಡಿತು. ಚೀನದ ತಿಯಾಂಜಿನ್‌ನಲ್ಲಿ ಭಾರತ 0–2ರಿಂದ ಹಿಂದಿತ್ತು. ಅದೇ ಭೂಪತಿಯ ನಾಯಕತ್ವದಲ್ಲಿ, ಅದೇ ಬೋಪಣ್ಣನವರ ಜೊತೆಗೆ ಪೇಸ್ ಕಣಕ್ಕಿಳಿದರು. ಮೊದಲ ಸೆಟ್ ಸೋತು, ಮುಂದಿನ ಎರಡನ್ನೂ ಟೈಬ್ರೇಕಿನಲ್ಲಿ ಗೆದ್ದರು. ಅದು ಪೇಸರ 43ನೆಯ ಗೆಲುವು, ವಿಶ್ವದಾಖಲೆ. ಬಳಿಕ ರಾಮ್‌ಕುಮಾರ್, ಪ್ರಜ್ಞೇಶರೂ ಗೆದ್ದು ಭಾರತ 3–2ರಿಂದ ಮೇಲುಗೈ ಪಡೆಯಿತು. 2019ರಲ್ಲಿ ಭೂಪತಿಯ ನಾಯಕತ್ವ ಮುಗಿಯಿತು.

ಹಳೆಯ ಸ್ನೇಹ ಆ ದಿನ ಮರಳಿತೆಂದು ನಾನು ಹೇಳುವುದಿಲ್ಲ. ಮರಳಬೇಕಾದ ಅಗತ್ಯವೂ ಇರಲಿಲ್ಲ. ಮೂವರೂ ಒಬ್ಬರಿಗೊಬ್ಬರು ಮನಸೋತಿರಬೇಕಾಗಿರಲಿಲ್ಲ. ಸಾಲು ನೆಟ್ಟಗಿದ್ದರೆ ಸಾಕಿತ್ತು. ಮುಂದೆ 2021ರಲ್ಲಿ ಪೇಸ್ ಮತ್ತು ಭೂಪತಿ ತಮ್ಮ ಬಿರುಕಿನ ಕಥೆಯನ್ನು ‘ಬ್ರೇಕ್ ಪಾಯಿಂಟ್’ ಎಂಬ ಚಿತ್ರಸರಣಿಯಲ್ಲಿ ತಾವೇ ಬಿಚ್ಚಿಟ್ಟರು. ಮಾತು ಬಿಟ್ಟ ಅಣ್ಣತಮ್ಮಂದಿರೂ ಮಳೆ ಬಿದ್ದ ದಿನ ಒಂದೇ ಹೊಲದಲ್ಲಿ ಆರು ಕಟ್ಟುವುದನ್ನು ಕಂಡವರಿಗೆ ಈ ಕಥೆ ದೂರದ್ದೆನಿಸದು.