ಹೃದಯ-ಶ್ವಾಸಕೋಶ ಯಂತ್ರದ ಗಾತ್ರವೂ ರಕ್ತದ ಮಿತವ್ಯಯವೂ

ಹೃದಯ ಶಸ್ತ್ರಚಿಕಿತ್ಸೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಶಸ್ತ್ರವೈದ್ಯರ ಸಾಹಸವನ್ನೇ ಎತ್ತಿ ಹೇಳುತ್ತಾರೆ. ಆ ಸಾಹಸಕ್ಕೆ ಆಧಾರವಾದ ಯಂತ್ರಕ್ಕೆ ರೋಗಿಯು ತೆರಬೇಕಾದ ಬೆಲೆಯೇನು ಎಂಬ ಪ್ರಶ್ನೆ ಅಷ್ಟಾಗಿ ವಿಚಾರಕ್ಕೆ ಬರುವುದಿಲ್ಲ. ಪ್ರಕೃತ ಲೇಖನದಲ್ಲಿ ಅದನ್ನು ರಕ್ತದ ಲೆಕ್ಕದಿಂದ ಪರಿಶೀಲಿಸಲಾಗಿದೆ.

1953ರ ಮೇ 6ರಂದು ಫಿಲಡೆಲ್ಫಿಯದಲ್ಲಿ ಜಾನ್ ಗಿಬ್ಬನ್ನರು ತಮ್ಮ ಯಂತ್ರದ ನೆರವಿನಿಂದ 18 ವರ್ಷದ ಯುವತಿಯೊಬ್ಬಳ ಹೃದಯದ ರಂಧ್ರವನ್ನು ಮುಚ್ಚಿದರು. ಆ ಕಾಲದ ಯಂತ್ರಗಳನ್ನು ದಾನಿಗಳ ರಕ್ತದಿಂದಲೇ ತುಂಬಬೇಕಾಗಿತ್ತು. 1960ರ ದಶಕದ ಆರಂಭದಲ್ಲಿ ಹ್ಯೂಸ್ಟನ್ನಿನ ಡೆಂಟನ್ ಕೂಲಿಯವರು ರಕ್ತಕ್ಕೆ ಬದಲಾಗಿ ಸಕ್ಕರೆಯ ದ್ರಾವಣವನ್ನು ಬಳಸಿದರು. ದಾನಿಗಳ ಮೇಲಣ ಭಾರ ಇಳಿಯಿತು. ಆದರೆ ರೋಗಿಯ ರಕ್ತ ತೆಳುವಾಗತೊಡಗಿತು.

ಭಾರತದಲ್ಲಿ ಎನ್. ಗೋಪಿನಾಥರು 1961ರಲ್ಲಿ ವೆಲ್ಲೂರಿನಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆಯನ್ನು ಯಶಸ್ವಿಯಾಗಿ ನೆರವೇರಿಸಿದರು. 1967ರಲ್ಲಿ ಕ್ಲೀವ್‌ಲ್ಯಾಂಡಿನ ಫವಲೋರೊ ಅವರು ಕಾಲಿನ ಅಭಿಧಮನಿಯ ತುಂಡನ್ನು ಜೋಡಿಸಿ, ಅಡಚಣೆಯನ್ನು ಬಳಸಿ ರಕ್ತ ಹರಿಯುವಂತೆ ಮಾಡುವ ಬೈಪಾಸ್ ಕ್ರಮವನ್ನು ರೂಢಿಗೆ ತಂದರು. 1975ರಲ್ಲಿ ಕೆ. ಎಂ. ಚೆರಿಯನ್ನರು ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಅದನ್ನು ಕೈಗೊಂಡರು. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಹುಟ್ಟಿದ ಜಯದೇವ ಸಂಸ್ಥೆ, ತರುವಾಯ ಬೊಮ್ಮಸಂದ್ರದ ನಾರಾಯಣ ಹೃದಯಾಲಯ ಈ ಚಿಕಿತ್ಸೆಯನ್ನು ಬಹುಜನರಿಗೆ ಎಟುಕಿಸಿದವು. 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ ಯೋಜನೆಯಿಂದ ಸಹಕಾರ ಸಂಘಗಳ ರೈತರಿಗೂ ಇದು ದೊರೆಯಿತು. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ತಣಿಸಂದ್ರದ ನಿವಾಸಿಗೆ ಇಂದು ನೆರೆಯ ಹೆಬ್ಬಾಳದಲ್ಲಿಯೇ ಬೈಪಾಸ್ ಸಾಧ್ಯವಾಗಿದೆ.

ದೂರದ ಸಮಸ್ಯೆ ಹೀಗೆ ಬಗೆಹರಿದರೂ ರಕ್ತದ ಸಮಸ್ಯೆ ಉಳಿಯಿತು. 60 ಕಿಲೋ ತೂಕದ ವ್ಯಕ್ತಿಯಲ್ಲಿ ಸುಮಾರು 4.2 ಲೀಟರ್ ರಕ್ತವಿರುತ್ತದೆ. ಅದರಲ್ಲಿ ಕೆಂಪು ಕಣಗಳ ಪಾಲು ಶೇಕಡಾ 32 ಎಂದಿಟ್ಟುಕೊಳ್ಳೋಣ. ಸಾಮಾನ್ಯ ಯಂತ್ರದ 1.5 ಲೀಟರ್ ದ್ರಾವಣ ಬೆರೆತಾಗ ಆ ಪಾಲು ಸುಮಾರು 24ಕ್ಕೆ ಇಳಿಯುತ್ತದೆ, 0.6 ಲೀಟರಿನ ಕಿರುಯಂತ್ರದಲ್ಲಾದರೆ 28ರಲ್ಲಿ ನಿಲ್ಲುತ್ತದೆ. ಅನ್ಯರ ರಕ್ತವನ್ನು ಕೊಡಬೇಕೇ ಬೇಡವೇ ಎಂಬುದು ಅನೇಕ ವೇಳೆ ಇಷ್ಟು ಅಂತರದಲ್ಲಿಯೇ ನಿರ್ಧಾರವಾಗುತ್ತದೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಅರ್ಧಕ್ಕೆ ಸಮೀಪದವರು ರಕ್ತಹೀನರೆಂದು ಕಂಡುಬಂದ ನಮ್ಮ ನಾಡಿನಲ್ಲಿ ಈ ಅಂತರವನ್ನು ಅಲ್ಪವೆನ್ನಲಾಗದು.

1990ರ ದಶಕದ ಕೊನೆಯಿಂದ ಯೂರೋಪಿನಲ್ಲಿ ರೂಪುಗೊಂಡ ಈ ಕಿರುಯಂತ್ರದಲ್ಲಿ ಕೊಳವೆಗಳು ಗಿಡ್ಡ; ಅವುಗಳ ಒಳಮೈಗೆ ರಕ್ತ ಹೆಪ್ಪುಗಟ್ಟದಂತೆ ಲೇಪವಿರುತ್ತದೆ; ರಕ್ತವನ್ನು ಶೇಖರಿಸುವ ತೆರೆದ ತೊಟ್ಟಿ ಇಲ್ಲವಾದುದರಿಂದ ರಕ್ತಕ್ಕೆ ಗಾಳಿಯ ಸೋಂಕು ಕಡಮೆ. ಆದರೆ ಗುಣವೇ ದೋಷಕ್ಕೂ ಕಾರಣ. ತೊಟ್ಟಿಯಿಲ್ಲದ ಕಾರಣ ಹಠಾತ್ತನೆ ರಕ್ತಸ್ರಾವವಾದರೆ ಅಥವಾ ಕೊಳವೆಗೆ ಗಾಳಿ ಹೊಕ್ಕರೆ ಸಾವರಿಸಿಕೊಳ್ಳಲು ಅವಕಾಶ ಅತ್ಯಲ್ಪ. ಶಸ್ತ್ರವೈದ್ಯ, ಅರಿವಳಿಕೆ ವೈದ್ಯ, ಯಂತ್ರವನ್ನು ನಡೆಸುವ ತಂತ್ರಜ್ಞ, ಈ ಮೂವರೂ ಏಕಚಿತ್ತರಾಗಿರಬೇಕಾಗುತ್ತದೆ. ಭಾರತದ ಅನೇಕ ಶಸ್ತ್ರವೈದ್ಯರು ಯಂತ್ರವನ್ನೇ ತೊರೆದು, ಮಿಡಿಯುತ್ತಿರುವ ಹೃದಯದ ಮೇಲೆಯೇ ಬೈಪಾಸ್ ಮಾಡುವ ಮಾರ್ಗವನ್ನು ಹಿಡಿದಿರುವುದೂ ಇಲ್ಲಿ ಗಮನಾರ್ಹ.

ಆದುದರಿಂದ ಕಿರುಯಂತ್ರವನ್ನು ಹಳೆಯ ಯಂತ್ರದ ಶತ್ರುವೆಂದಾಗಲಿ, ಯಂತ್ರರಹಿತ ಕ್ರಮದ ಪ್ರತಿಸ್ಪರ್ಧಿಯೆಂದಾಗಲಿ ಎಣಿಸುವುದು ಸರಿಯಲ್ಲ. ಹೃದಯವನ್ನು ನಿಲ್ಲಿಸಲೇಬೇಕಾದ, ಆದರೆ ರಕ್ತ ತೆಳುವಾಗುವುದನ್ನು ತಾಳಲಾರದ ರೋಗಿಗೆ ಅದು ಮಧ್ಯಮ ಮಾರ್ಗ. ದಾನಿಯ ರಕ್ತವನ್ನು ಬೇಡುವುದರಿಂದ ಆರಂಭವಾದ ಈ ಯಂತ್ರದ ಇತಿಹಾಸ, ರೋಗಿಯ ರಕ್ತವನ್ನು ರೋಗಿಗೇ ಉಳಿಸುವ ಕಡೆಗೆ ಸಾಗಿದೆಯೆಂಬುದೇ ಮೇಲಣ ವಿವೇಚನೆಯಿಂದ ಸಿದ್ಧಿಸುವ ಅಂಶ.