ಆಯದಿಂದ ಮಾರಾಟ ತೆರಿಗೆಗೆ: ಗಡಿನಾಡಿನ ಕೃಷಿ ಉಪಕರಣಗಳ ಚಾರಿತ್ರಿಕ ಅವಲೋಕನ

ಸುಂಕದ ಚರಿತ್ರೆಯನ್ನು ಸಾಮಾನ್ಯವಾಗಿ ಅರಸನ ಬೊಕ್ಕಸದ ಕಡೆಯಿಂದ ಇಲ್ಲವೆ ವರ್ತಕನ ಕಡೆಯಿಂದ ನೋಡುವುದು ರೂಢಿ. ನೇಗಿಲು ಹಿಡಿದವನ ಕಡೆಯಿಂದ ನೋಡಿದಾಗ ಅದೇ ಚರಿತ್ರೆ ಬೇರೊಂದು ಬಗೆಯಾಗಿ ಕಾಣುತ್ತದೆ. ಒಕ್ಕಲಿಗನು ತನ್ನ ದುಡಿಮೆಯ ಉಪಕರಣವನ್ನು ಎಲ್ಲಿಂದ ಪಡೆದನು, ಅದಕ್ಕೆ ಪ್ರತಿಯಾಗಿ ಏನನ್ನು ಕೊಟ್ಟನು, ನಡುವೆ ಗಡಿಯೊಂದು ಬಂದಾಗ ಆ ಕೊಡುಕೊಳ್ಳುವಿಕೆ ಹೇಗೆ ಬದಲಾಯಿತು ಎಂಬ ಪ್ರಶ್ನೆಗಳನ್ನು ಬೆಳಗಾವಿ ಸೀಮೆಯನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸುಂಕದ ನೆನಪು

ಚಾಲುಕ್ಯ, ಹೊಯ್ಸಳ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕಗಳು ಉಲ್ಲೇಖಗೊಂಡಿವೆ. ಅವುಗಳ ಹುಟ್ಟುವಳಿಯನ್ನು ದೇವಾಲಯಗಳಿಗೆ ದತ್ತಿಯಾಗಿ ಬಿಟ್ಟುಕೊಟ್ಟ ನಿದರ್ಶನಗಳೂ ಹೇರಳವಾಗಿವೆ. ಶರಣರ ಸಾಲಿನಲ್ಲಿ ಸುಂಕದ ಬಂಕಣ್ಣನ ಹೆಸರು ಕಾಯಕವಾಚಿಯಾಗಿಯೇ ಉಳಿದುಬಂದಿದೆ. ಸುಂಕದಕಟ್ಟೆ ಎಂಬ ಸ್ಥಳನಾಮವು ಸರಕು ತಡೆಯುವ ತಾಣವೊಂದರ ನೆನಪನ್ನು ಇಂದಿಗೂ ಹೊತ್ತಿದೆ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯಂತೂ ಜನರ ಅನುಭವದ ಸಾರವೇ ಆಗಿದೆ. ಸುಂಕದವನು ಕೆಟ್ಟವನೆಂದು ಈ ಗಾದೆ ಹೇಳುವುದಿಲ್ಲ. ಎದುರಿಗಿರುವವನು ಯಾರು, ಅವನ ಅವಸ್ಥೆ ಏನು ಎಂಬುದು ಸುಂಕದ ಲೆಕ್ಕಕ್ಕೆ ಬರುವುದಿಲ್ಲವೆಂದಷ್ಟೇ ಅದು ಹೇಳುತ್ತದೆ. ಗಾದೆಯ ಈ ಗ್ರಹಿಕೆಯು ಆಧುನಿಕ ಕಾನೂನಿಗೂ ಅನ್ವಯಿಸುವುದನ್ನು ಮುಂದೆ ಕಾಣಬಹುದು.

ಆಯದ ವ್ಯವಸ್ಥೆ

ಸುಂಕವು ಇಷ್ಟು ವ್ಯಾಪಕವಾಗಿದ್ದರೂ ಸಾಂಪ್ರದಾಯಿಕ ಗ್ರಾಮದೊಳಗೆ ನೇಗಿಲು ಬಹುಮಟ್ಟಿಗೆ ಅದರ ಹೊರಗೆ ಉಳಿದಿತ್ತು. ನೇಗಿಲು, ನೊಗ, ಕುಂಟೆ, ಕೂರಿಗೆಗಳನ್ನು ಊರ ಬಡಗಿ ಮಾಡಿಕೊಡುತ್ತಿದ್ದನು. ಗುಳವನ್ನು ಕಮ್ಮಾರನು ಕಾಸಿ ಬಡಿಯುತ್ತಿದ್ದನು. ಇವರಿಬ್ಬರೂ ಆಯಗಾರರು. ಸುಗ್ಗಿಯಲ್ಲಿ ಕಣದ ಮೇಲೆಯೇ ಅವರ ಪಾಲಿನ ಧಾನ್ಯವನ್ನು ಅಳೆದು ಕೊಡಲಾಗುತ್ತಿತ್ತು. ಈ ಸಂಬಂಧವು ವರ್ಷದುದ್ದಕ್ಕೂ, ಅನೇಕ ಸಂದರ್ಭಗಳಲ್ಲಿ ತಲೆಮಾರುಗಳುದ್ದಕ್ಕೂ ಸಾಗುವಂಥದು. ಇಲ್ಲಿ ಕೃಷಿಕನು ಕೊಳ್ಳುವವನಲ್ಲ, ಬಡಗಿ ಮಾರುವವನಲ್ಲ. ಒಂದೊಂದು ಉಪಕರಣಕ್ಕೆ ಬೇರೆಬೇರೆಯಾದ ಬೆಲೆಯಿಲ್ಲದಿರುವುದರಿಂದ ಬೆಲೆಯ ಮೇಲೆ ವಿಧಿಸಬಹುದಾದ ತೆರಿಗೆಗೂ ಆಸ್ಪದವಿರಲಿಲ್ಲ. ಈ ವ್ಯವಸ್ಥೆಯಲ್ಲಿ ಜಾತಿಯ ಶ್ರೇಣಿಯೂ ಅಸಮಾನತೆಯೂ ಇದ್ದವೆಂಬುದನ್ನು ಮರೆಯಲಾಗದು. ಆದರೆ ಉಪಕರಣವು ಸರಕಾಗಿರಲಿಲ್ಲವೆಂಬ ಅಂಶ ಇಲ್ಲಿ ಮುಖ್ಯವಾದುದು.

ಕಬ್ಬಿಣದ ನೇಗಿಲು ಮತ್ತು ಸರಿದ ಗಡಿ

20ನೆಯ ಶತಮಾನದ ಆರಂಭದಲ್ಲಿ ಈ ಸ್ಥಿತಿ ಬದಲಾಗತೊಡಗಿತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಬೆಳಗಾವಿಯಲ್ಲಿ ಮೊದಲಿಗೆ ಬೈಸಿಕಲ್ ಅಂಗಡಿ ನಡೆಸಿ, ಅನಂತರ ಮೇವು ಕತ್ತರಿಸುವ ಯಂತ್ರ ಹಾಗೂ ಕಬ್ಬಿಣದ ನೇಗಿಲುಗಳ ತಯಾರಿಕೆಗೆ ತೊಡಗಿದರು. ಕಬ್ಬಿಣ ತಗುಲಿದರೆ ಮಣ್ಣು ವಿಷವಾಗುತ್ತದೆಂದು ಕೃಷಿಕರು ಮೊದಮೊದಲು ಹಿಂಜರಿದರೆಂಬ ಕಥನ ಪ್ರಸಿದ್ಧವಾಗಿದೆ. ಬೆಳಗಾವಿಯಲ್ಲಿನ ಸ್ಥಳವನ್ನು ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ಅರಸರು ನೀಡಿದ ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ನೆಲೆಗೊಂಡಿತು.

ಈ ಸ್ಥಳಾಂತರದಿಂದಾಗಿ ಬೆಳಗಾವಿಯ ರೈತನು ಕೊಳ್ಳುವ ನೇಗಿಲು ಬ್ರಿಟಿಷ್ ಜಿಲ್ಲೆಯ ಹೊರಗಿನ ಸಂಸ್ಥಾನವೊಂದರ ಸರಕಾಯಿತು. 1948ರಲ್ಲಿ ಔಂಧ್ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಾಗ ಎರಡೂ ಊರುಗಳು ಒಂದೇ ಆಡಳಿತಕ್ಕೆ ಒಳಪಟ್ಟವು. 1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. ಕಿರ್ಲೋಸ್ಕರವಾಡಿ ಮುಂಬಯಿ ರಾಜ್ಯದಲ್ಲಿ ಉಳಿದು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಅರ್ಧ ಶತಮಾನದೊಳಗೆ ನೇಗಿಲು ಬರುವ ಹಾದಿ ಬದಲಾಗಲಿಲ್ಲ; ಆ ಹಾದಿಯ ಮೇಲಿನ ಗಡಿ ಮಾತ್ರ ಮೂಡಿ, ಅಳಿಸಿ, ಮತ್ತೆ ಮೂಡಿತು.

ಎರಡನೆಯ ಬಾರಿ ಮೂಡಿದ ಗಡಿ ಮೊದಲಿನದಕ್ಕಿಂತ ಭಿನ್ನವಾಗಿತ್ತು. ಅಷ್ಟರಲ್ಲಿ ಮಾರಾಟ ತೆರಿಗೆ ಬಂದಿತ್ತು. ಮದರಾಸು 1939ರಲ್ಲಿ, ಮುಂಬಯಿ 1946ರಲ್ಲಿ, ಮೈಸೂರು 1948ರಲ್ಲಿ, ಹೈದರಾಬಾದು 1950ರಲ್ಲಿ ತಮ್ಮತಮ್ಮ ಕಾಯಿದೆಗಳನ್ನು ರೂಪಿಸಿದ್ದವು. ಏಕೀಕೃತ ರಾಜ್ಯದ ಜನರು ಒಂದೇ ರಾಜ್ಯದೊಳಗೆ ಬೇರೆಬೇರೆ ಮಾರಾಟ ತೆರಿಗೆ ಕಾನೂನುಗಳಿಗೆ ಒಳಪಟ್ಟಿದ್ದರು. 1957ರ ಅಕ್ಟೋಬರ್ 1ರಿಂದ ಮೈಸೂರು ಮಾರಾಟ ತೆರಿಗೆ ಕಾಯಿದೆ ಜಾರಿಗೆ ಬಂದು ಈ ಗೊಂದಲವನ್ನು ನಿವಾರಿಸಿತು.

ಅಂತರರಾಜ್ಯ ಮಾರಾಟದ ಕಾನೂನು

ರಾಜ್ಯದ ಗಡಿ ದಾಟುವ ಮಾರಾಟಕ್ಕೆ ತೆರಿಗೆ ವಿಧಿಸುವ ಅಧಿಕಾರ ಯಾರದು ಎಂಬುದು ಸಂವಿಧಾನದ 286ನೆಯ ವಿಧಿಯ ವ್ಯಾಖ್ಯಾನದಲ್ಲಿ ತೀವ್ರ ವಿವಾದಕ್ಕೆ ಒಳಗಾಯಿತು. ಸರಕನ್ನು ಬಳಸುವ ರಾಜ್ಯವು ತೆರಿಗೆ ಹಾಕಬಹುದೆಂದು ಯುನೈಟೆಡ್ ಮೋಟರ್ಸ್ ಪ್ರಕರಣದಲ್ಲಿ 1953ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಬೆಂಗಾಲ್ ಇಮ್ಯುನಿಟಿ ಪ್ರಕರಣದಲ್ಲಿ 1955ರಲ್ಲಿ ಆ ನಿಲುವನ್ನು ಕೈಬಿಟ್ಟಿತು. 1956ರ ಆರನೆಯ ಸಂವಿಧಾನ ತಿದ್ದುಪಡಿ ಹಾಗೂ ಕೇಂದ್ರ ಮಾರಾಟ ತೆರಿಗೆ ಕಾಯಿದೆಗಳು ಇದರ ಫಲ. 1957ರ ಜುಲೈ 1ರಿಂದ ವಸೂಲಿ ಆರಂಭವಾಯಿತು. ನೋಂದಾಯಿತ ವ್ಯಾಪಾರಿಯು ‘ಸಿ’ ನಮೂನೆ ನೀಡಿ ಕೊಂಡರೆ ರಿಯಾಯಿತಿ ದರ: ಮೊದಲಿಗೆ ಶೇ. 1, 1975ರ ಹೊತ್ತಿಗೆ ಶೇ. 4. ಈ ನಮೂನೆಯಿಲ್ಲದವನಿಗೆ ಸಾಮಾನ್ಯ ಸರಕುಗಳ ಮೇಲೆ 2007ರ ಮಾರ್ಚ್‌ವರೆಗೆ ಶೇ. 10 ಅಥವಾ ಮಾರುವ ರಾಜ್ಯದ ಸ್ಥಳೀಯ ದರ, ಇವುಗಳಲ್ಲಿ ಹೆಚ್ಚಿನದು ಅನ್ವಯಿಸುತ್ತಿತ್ತು.

ಕೃಷಿಕನ ಸಮಸ್ಯೆ ಹುಟ್ಟುವುದು ಇಲ್ಲಿಯೇ. ತಾನೇ ಸಾಗುವಳಿ ಮಾಡಿದ ಭೂಮಿಯ ಬೆಳೆಯನ್ನಷ್ಟೇ ಮಾರುವ ರೈತನು ರಾಜ್ಯದ ಕಾಯಿದೆಯ ಪ್ರಕಾರ ವ್ಯಾಪಾರಿಯಲ್ಲ. ಮಾರುವಾಗ ಈ ವಿನಾಯಿತಿ ಅವನಿಗೆ ರಕ್ಷೆ. ಕೊಳ್ಳುವಾಗ ಅದೇ ಅವನಿಗೆ ತೊಡಕು. ವ್ಯಾಪಾರಿಯಲ್ಲದವನಿಗೆ ನೋಂದಣಿಯಿಲ್ಲ, ನೋಂದಣಿಯಿಲ್ಲದವನಿಗೆ ‘ಸಿ’ ನಮೂನೆಯಿಲ್ಲ. ರಿಯಾಯಿತಿಗೆ ಅರ್ಹವಾದ ಬಳಕೆಗಳಾಗಿ ಕೇಂದ್ರ ಕಾಯಿದೆಯ 8ನೆಯ ಪ್ರಕರಣವು ಮರುಮಾರಾಟ, ತಯಾರಿಕೆ, ಗಣಿಗಾರಿಕೆ, ವಿದ್ಯುತ್ ಉತ್ಪಾದನೆ ಮುಂತಾದವನ್ನು ಹೆಸರಿಸಿತ್ತು. ಬೇಸಾಯದ ಹೆಸರು ಅಲ್ಲಿರಲಿಲ್ಲ. ವಿಶೇಷ ರಿಯಾಯಿತಿ ಇಲ್ಲದಿದ್ದಲ್ಲಿ, 1990ರ ದಶಕದಲ್ಲಿ ಒಂದು ಲಕ್ಷ ರೂಪಾಯಿಯ ಯಂತ್ರವನ್ನು ಹೊರರಾಜ್ಯದಿಂದ ತರಿಸಿದ ವ್ಯಾಪಾರಿ ತೆರುತ್ತಿದ್ದುದು 4,000 ರೂಪಾಯಿ, ರೈತನು ತೆರಬೇಕಾಗಿದ್ದುದು ಕನಿಷ್ಠ 10,000 ರೂಪಾಯಿ. ವ್ಯಾಪಾರಿಯು ಮರುಮಾರಾಟದಲ್ಲಿ ಸ್ಥಳೀಯ ತೆರಿಗೆಯನ್ನು ಸೇರಿಸುತ್ತಿದ್ದುದರಿಂದ ಅವನ ಮೂಲಕ ಕೊಂಡರೂ ರಿಯಾಯಿತಿಯ ಪೂರ್ಣ ಲಾಭ ರೈತನಿಗೆ ದಕ್ಕುತ್ತಿರಲಿಲ್ಲ.

ಮಾರಾಟ ಎಲ್ಲಿ ನಡೆಯಿತೆಂಬುದೂ ಜಟಿಲವಾದ ಪ್ರಶ್ನೆಯೇ. ಗಡಿಯಾಚೆಯ ಅಂಗಡಿಗೆ ಹೋಗಿ, ಹಣ ತೆತ್ತು, ಅಲ್ಲಿಯೇ ಉಪಕರಣವನ್ನು ವಶಕ್ಕೆ ಪಡೆದು ಸ್ವಂತ ಇಚ್ಛೆಯಿಂದ ಊರಿಗೆ ಒಯ್ದರೆ ಅದು ಆ ರಾಜ್ಯದ ಒಳಗಿನ ಮಾರಾಟ. ಮಾರಾಟದ ಒಪ್ಪಂದದ ಫಲವಾಗಿಯೇ ಸರಕು ಗಡಿ ದಾಟಿದರೆ ಅಂತರರಾಜ್ಯ ಮಾರಾಟ. ಜಾನುವಾರು ಜಾತ್ರೆಗಳಲ್ಲಿ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ವ್ಯವಹಾರ ಕುದುರಿಸುವ ಜನಸಮುದಾಯಕ್ಕೆ ಕೈಗೆ ಕೈ ಸೇರಿದ ಜಾಗವೇ ಮಾರಾಟದ ಜಾಗ. ಕಾನೂನು ಆ ಕೈಗಳನ್ನಲ್ಲದೆ ಒಪ್ಪಂದದ ಷರತ್ತನ್ನೂ ಸರಕಿನ ಚಲನೆಯನ್ನೂ ನೋಡುತ್ತದೆ.

ವಿನಾಯಿತಿಯ ಮಿತಿ

2005ರ ಏಪ್ರಿಲ್ 1ರಿಂದ ಜಾರಿಯಾದ ಕರ್ನಾಟಕ ಮೌಲ್ಯವರ್ಧಿತ ತೆರಿಗೆ ಕಾಯಿದೆಯು ಕೈಯಿಂದ ಅಥವಾ ಪ್ರಾಣಿಗಳಿಂದ ನಡೆಸುವ ಕೃಷಿ ಉಪಕರಣಗಳಿಗೆ ವಿನಾಯಿತಿ ನೀಡಿತು. 2017ರ ಜುಲೈ 1ರಂದು ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿಯೂ ಇದು ಮುಂದುವರಿಯಿತು. ಆಯದ ವ್ಯವಸ್ಥೆಯಲ್ಲಿ ತೆರಿಗೆಯಿಂದ ದೂರವಿದ್ದ ನೇಗಿಲು, ಕುಂಟೆ, ಕೂರಿಗೆಗಳು ಈಗ ಶಾಸನಬದ್ಧ ವಿನಾಯಿತಿಯ ಮೂಲಕ ಅದೇ ಸ್ಥಾನಕ್ಕೆ ಮರಳಿದಂತಾಯಿತು. ಆದರೆ ಎತ್ತುಗಳು ವಿರಳವಾಗಿ, ಟ್ರ್ಯಾಕ್ಟರ್ ಹೊಲಕ್ಕಿಳಿದ ಕಾಲದಲ್ಲಿ ಈ ವಿನಾಯಿತಿಯ ವ್ಯಾಪ್ತಿ ಕುಗ್ಗುತ್ತಲೇ ಬಂದಿದೆ. ಟ್ರ್ಯಾಕ್ಟರಿನ ಮೇಲೆ 2017ರಲ್ಲಿ ಶೇ. 12ರ ತೆರಿಗೆ ವಿಧಿಸಲಾಯಿತು; 2025ರ ಸೆಪ್ಟೆಂಬರ್ 22ರಿಂದ ಅದನ್ನು ಶೇ. 5ಕ್ಕೆ ಇಳಿಸಲಾಯಿತು.

ಹೊಸ ವ್ಯವಸ್ಥೆಯಲ್ಲಿ ರಾಜ್ಯದೊಳಗಿನ ಮತ್ತು ಅಂತರರಾಜ್ಯ ಖರೀದಿಗಳ ಒಟ್ಟು ದರ ಒಂದೇ ಆಗಿರುವುದರಿಂದ ‘ಸಿ’ ನಮೂನೆಯ ತಾರತಮ್ಯ ಕೊನೆಗೊಂಡಿತು. ಆದರೂ ಹಳೆಯ ಸಮಸ್ಯೆಯ ಒಂದು ಎಳೆ ಉಳಿದಿದೆ. ತನ್ನ ಬೆಳೆಯನ್ನಷ್ಟೇ ಮಾರುವ ಕೃಷಿಕನಿಗೆ ನೋಂದಣಿಯ ಹೊಣೆಯಿಲ್ಲ; ಆದ್ದರಿಂದ ಕೊಂಡ ಯಂತ್ರದ ಮೇಲೆ ತೆತ್ತ ತೆರಿಗೆಯನ್ನು ವರ್ತಕರಂತೆ ಜಮಾ ಪಡೆಯುವ ಅವಕಾಶವೂ ಇಲ್ಲ. ತೆರಿಗೆಯ ಭಾರ ಅವನಲ್ಲಿಯೇ ನಿಲ್ಲುತ್ತದೆ.

ಸಮಾರೋಪ

ಮೇಲಿನ ವಿವೇಚನೆಯಿಂದ, ಕೃಷಿಕನನ್ನು ತೆರಿಗೆಯ ಕಕ್ಷೆಗೆ ತಂದದ್ದು ಗಡಿಯೊಂದೇ ಅಲ್ಲವೆಂಬುದು ಸ್ಪಷ್ಟವಾಗುತ್ತದೆ. ಆಯದ ಸಂಬಂಧದಲ್ಲಿದ್ದ ಉಪಕರಣವು ಬೆಲೆಯುಳ್ಳ ಸರಕಾಗಿ ಮಾರ್ಪಟ್ಟುದು ಮೂಲ ಕಾರಣ. ಗಡಿಯು ಅದರ ಭಾರವನ್ನು ಹೆಚ್ಚಿಸಿತು. ಕೃಷಿಕನನ್ನು ವ್ಯಾಪಾರಿಯಲ್ಲವೆಂದು ಮನ್ನಿಸಿದ ಕಾನೂನು, ಅವನೊಬ್ಬ ಉತ್ಪಾದಕನೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೃಷಿ ಉಪಕರಣಗಳ ಅಧ್ಯಯನವು ಅವುಗಳ ಆಕಾರ, ಬಿಡಿಭಾಗಗಳ ಹೆಸರು ಮತ್ತು ಆಚರಣೆಗಳ ದಾಖಲಾತಿಗೆ ಸೀಮಿತವಾಗದೆ, ಅವು ಕೃಷಿಕನ ಕೈಸೇರಿದ ಬಗೆಯನ್ನೂ ಅದಕ್ಕಾಗಿ ಅವನು ತೆತ್ತ ಬೆಲೆಯನ್ನೂ ಒಳಗೊಳ್ಳಬೇಕಾಗಿದೆ. ಗಡಿಭಾಗದ ಹಳ್ಳಿಗಳ ಮನೆಗಳಲ್ಲಿ ಹಳೆಯ ಖರೀದಿ ರಸೀದಿಗಳು ಉಳಿದಿರುವಲ್ಲೆಲ್ಲ ಅವುಗಳನ್ನು ಉಪಕರಣಗಳೊಡನೆಯೇ ಸಂಗ್ರಹಿಸಿಡುವುದು ಈ ದಿಸೆಯಲ್ಲಿ ಆಗಬೇಕಾದ ಮೊದಲ ಕೆಲಸ.